ಆಟಿ ಹನ್ನೆರಡರ ಮದುವೆ

ತಿಂಗಳಿಗೊಬ್ಬರಾದರೂ ಫೋನ್ ಮಾಡುತ್ತಾರೆ. "ಆಂಟಿ, ನೀವು ಇಲ್ಲಿ ಕೋರ್ಟಿನಲ್ಲಿ ಪ್ರಮಾಣ ಮಾಡಿದ ಅನುವಾದಕಿ ಆಗಿದ್ರಂತೆ. ನಂಗೂ ಆ ಕೆಲಸಕ್ಕೆ ಬರ್ಬೇಕು ಅಂತ ಉಂಟು. ಎಂತ ಓದ್ಬೇಕು?" ಓದುವುದನ್ನು ಓದಿ ಪರೀಕ್ಷೆ ಪಾಸು ಮಾಡಿ, ಅದೇನು ದೊಡ್ಡ ವಿಷಯವಲ್ಲ ಎನ್ನುತ್ತೇನೆ. ಆಮೇಲಿನದ್ದು ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಮೊಣಕಾಲು ಹೇಗೂ ಹೊರಗೆ ಬಿಡುತ್ತಿಲ್ಲ, ಕೂತು ಬರೆಯೋಣ ಎಂದು ಹೊರಟಿದ್ದೇನೆ.

ನಾನು ವನಜ, ಕಾಪು ಕಡೆಯವಳು. ಗಂಡ ಹಡಗಿನ ಇಂಜಿನಿಯರ್ ಆಗಿದ್ದರಿಂದ ಹ್ಯಾಂಬರ್ಗಿಗೆ ಬಂದೆ. ಅವರು ವರ್ಷದಲ್ಲಿ ಎಂಟು ತಿಂಗಳು ನೀರಿನ ಮೇಲೆ, ನಾನು ಇಲ್ಲಿ ಒಬ್ಬಳೇ. ಬೇಸರಕ್ಕೆ ಜರ್ಮನ್ ಕಲಿತೆ. ಆ ಬೇಸರವೇ ಮೂವತ್ತು ಚಿಲ್ಲರೆ ವರ್ಷದ ಉದ್ಯೋಗವಾಯಿತು. ಕನ್ನಡ, ತುಳುವಿನ ಕಾಗದಗಳನ್ನು ಜರ್ಮನ್ನಿಗೆ ತಿರುಗಿಸಿ, ಕೆಳಗೆ ಸಹಿ ಹಾಕಿ, ದುಂಡು ಮುದ್ರೆ ಒತ್ತುವುದು. ಜನನಪತ್ರ, ಮದುವೆಪತ್ರ, ಮರಣಪತ್ರ. ಮನುಷ್ಯನ ಬಗ್ಗೆ ಸರ್ಕಾರಕ್ಕೆ ಬೇಕಾದದ್ದು ಈ ಮೂರೇ. ಬಡ್ತಿ ಎಂಬುದು ಈ ಕೆಲಸದಲ್ಲಿ ಇಲ್ಲ, ಹಾಗಾಗಿ ಅದರ ಕಥೆಯೂ ಇಲ್ಲ.

ಆಗ ಟೈಪ್‌ರೈಟರ್ ಕಾಲ. ಮೂಲದ ಪ್ರತಿ, ಅನುವಾದದ ಹಾಳೆ ಎರಡನ್ನೂ ಸೇರಿಸಿ ಮೂಲೆಯಲ್ಲಿ ತೂತು ಮಾಡಿ, ದಾರ ಪೋಣಿಸಿ, ಗಂಟಿನ ಮೇಲೆ ಮುದ್ರೆ ಒತ್ತುತ್ತಿದ್ದೆವು. ಒಂದು ಹಾಳೆ ಬದಲಿಸಬೇಕಾದರೂ ದಾರ ಕತ್ತರಿಸಬೇಕು, ಕತ್ತರಿಸಿದರೆ ಎಲ್ಲರಿಗೂ ಕಾಣುತ್ತದೆ. ಈಗ ಸ್ಕ್ಯಾನ್ ಮಾಡಿ ಕಳಿಸುತ್ತಾರೆ, ಅರ್ಧ ಕೆಲಸ ಯಂತ್ರವೇ ಮಾಡಿ ಕೊಡುತ್ತದೆ. ಮಾಡಲಿ, ನನಗೆ ಹೊಟ್ಟೆಕಿಚ್ಚಿಲ್ಲ.

ನನಗೆ ಕೆಲಸ ಕಲಿಸಿದವರು ಪೌರತ್ವ ಕಚೇರಿಯ ಅಧಿಕಾರಿ, ಶ್ರೀಮತಿ ಕ್ಲಾಸೆನ್. ನನ್ನದೇ ವಯಸ್ಸು. ಮೊದಲ ವರ್ಷ ನನ್ನ ಒಂದು ಅನುವಾದವನ್ನು ಮುಖದ ಮೇಲೆ ಎಸೆದಂತೆ ವಾಪಸ್ ಕಳಿಸಿದ್ದರು. ಮೂಲದ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಗೀಚಿದ್ದನ್ನು ನಾನು ಬಿಟ್ಟಿದ್ದೆ. "ಕಾಗದದಲ್ಲಿ ಇರುವುದೆಲ್ಲ ಅನುವಾದದಲ್ಲಿ ಇರಬೇಕು. ಕಲೆ ಇದ್ದರೆ ಕಲೆ ಎಂದು ಬರೆಯಿರಿ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎಂದು ಬರೆಯಿರಿ. ನಿಮಗೆ ಗೊತ್ತಿದ್ದು ನನಗೆ ಗೊತ್ತಿಲ್ಲದ್ದು ಇದ್ದರೆ ಕೆಳಗೆ ಟಿಪ್ಪಣಿ ಹಾಕಿ. ಆ ಟಿಪ್ಪಣಿಗಾಗಿಯೇ ನೀವು ಇರುವುದು." ಈ ಕೊನೆಯ ಮಾತನ್ನು ನೀವು ಬರೆದು ಗೋಡೆಗೆ ಅಂಟಿಸಿಕೊಳ್ಳಿ. ನಾನು ಅಂಟಿಸಿಕೊಳ್ಳಲಿಲ್ಲ, ಅದಕ್ಕೇ ಈ ಕಥೆ.

ಮೊದಲು ನೊರ್ಬರ್ಟ್ ಅಂಕಲ್‌ನ ವಿಷಯ ಹೇಳಿಬಿಡುತ್ತೇನೆ. ಆ ಕಚೇರಿಯಲ್ಲಿ ಜನ ಕಾಯುವ ಹಾಲ್ ಎಂಥದ್ದು ಎಂದು ನನಗೆ ಮೊದಲು ಗೊತ್ತಾದದ್ದು ಅವರಿಂದ. ಮಂಗಳೂರಿನವರು, ಆಫ್ರಿಕದ ಬಂದರೊಂದರಲ್ಲಿ ಇಂಗ್ಲಿಷರ ಸರ್ಕಾರದ ಗುಮಾಸ್ತರಾಗಿದ್ದು, ಮುದಿತನದಲ್ಲಿ ಹ್ಯಾಂಬರ್ಗಿನ ಮಗಳ ಮನೆಗೆ ಬಂದವರು. ಭಾರತ ನೀನು ನಮ್ಮವನಲ್ಲ ಅಂದಿತ್ತು, ಇಂಗ್ಲೆಂಡ್ ನೀನು ನಮ್ಮ ನೌಕರ ಮಾತ್ರ ಅಂದಿತ್ತು, ಆಫ್ರಿಕ ಏನೂ ಅಂದಿರಲಿಲ್ಲ. "ನಾನು ಸರ್ಕಾರದ ಮನುಷ್ಯ ಆಗಿದ್ದೆ ವನಜ," ಎನ್ನುತ್ತಿದ್ದರು. "ಸರ್ಕಾರ ಎದ್ದು ಹೋಯ್ತು. ನಾನು ಕುರ್ಚಿಯಲ್ಲೇ ಕೂತು ಬಾಕಿಯಾದೆ." ಅವರ ಜರ್ಮನ್ ಪೌರತ್ವದ ಕಾಗದಗಳನ್ನು ನಾನೇ ತಿರುಗಿಸಿದ್ದೆ. ಮಂಜೂರಾಯಿತು, ಗುರುವಾರ ಖುದ್ದಾಗಿ ಬಂದು ಪಡೆದುಕೊಳ್ಳಿ ಎಂಬ ಪತ್ರ ಬರುವ ಹೊತ್ತಿಗೆ ಅವರು ತೀರಿಹೋಗಿ ಮೂರು ದಿನ.

ಮಗಳ ಪರವಾಗಿ ಹೇಳಿಬರಲು ನಾನು ಶುಕ್ರವಾರ ಹೋದೆ. ಕ್ಲಾಸೆನ್ ಗುರುವಾರದ ಹಾಜರಿ ಪಟ್ಟಿ ತೆಗೆದರು. ನೊರ್ಬರ್ಟ್ ಹೆಸರಿನ ಮುಂದೆ ಬಂದಿದ್ದಾರೆ ಎಂಬ ಗುರುತು ಇತ್ತು. ಅವರು ಅದನ್ನು ಬಹಳ ಹೊತ್ತು ನೋಡಿದರು.

"ಗುರುತು ನನ್ನ ಕೈಯದ್ದೇ. ಆದರೆ ನನಗೆ ನೆನಪಿಲ್ಲ," ಎಂದರು.

ಆಮೇಲೆ ರಬ್ಬರ್ ತೆಗೆದುಕೊಂಡು ಒರೆಸಿದರು. ಪೆನ್ನಿನ ಗುರುತು, ಹೋಗಲಿಲ್ಲ. ಕಾಗದದಲ್ಲಿ ಕರೆದರೆ ಸತ್ತವರೂ ಬರುತ್ತಾರೆ ಎಂದು ಮಾತ್ರ ನಾನು ಆ ದಿನ ತಿಳಿದುಕೊಂಡೆ.

ಹೀಗೇ ವರ್ಷಗಳು ಹೋದವು. ಆಮೇಲೆ ಬ್ಲೂ ಕಾರ್ಡ್ ಬಂತು. ಒಳ್ಳೆಯ ಸಂಬಳದ ಕೆಲಸ ಸಿಕ್ಕಿದ ವಿದೇಶದವರಿಗೆ ಕೊಡುವ ವಾಸದ ಪರವಾನಗಿ ಅದು. ಉಡುಪಿ, ಮಂಗಳೂರು, ಬೆಂಗಳೂರು, ಮೈಸೂರಿನ ಹುಡುಗ ಹುಡುಗಿಯರು ಗುಂಪುಗುಂಪಾಗಿ ಬಂದರು. ಕಾರ್ಡು ಕೆಲಸಕ್ಕೆ ಕಟ್ಟಿದ್ದು. ಕೆಲಸ ಹೋದರೆ ಸುಮಾರು ಮೂರು ತಿಂಗಳ ಗಡುವು, ಅಷ್ಟರಲ್ಲಿ ಬೇರೆ ಹುಡುಕದಿದ್ದರೆ ಗಂಟುಮೂಟೆ ಕಟ್ಟಬೇಕು.

ಪ್ರಜ್ವಲ್ ನನ್ನಲ್ಲಿಗೆ ಬಂದಾಗ ಆ ಮೂರು ತಿಂಗಳಲ್ಲಿ ಹದಿನೈದು ದಿನ ಕಳೆದಿತ್ತು. ವಿಮಾನದ ಬಿಡಿಭಾಗದ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದ, ಇಡೀ ವಿಭಾಗ ಮುಚ್ಚಿದ್ದರು. ಪಡುಬಿದ್ರಿ ಕಡೆಯವನು. ಹೆಂಡತಿ ರಶ್ಮಿ ಮೈಸೂರಿನವಳು, ಆರು ತಿಂಗಳ ಬಸುರಿ. ಮೊದಲೆರಡು ಹೋಗಿದ್ದವು. ಹಾಗಾಗಿ ಡಾಕ್ಟರು ಮಲಗಿಯೇ ಇರಬೇಕು, ವಿಮಾನ ಹತ್ತುವ ಮಾತೇ ಬೇಡ ಎಂದಿದ್ದರು. ಗಡುವು ಮುಗಿಯುವುದು, ಹೆರಿಗೆಯ ದಿನ ಎರಡೂ ಒಂದೇ ವಾರಕ್ಕೆ ಬಂದು ನಿಂತಿದ್ದವು.

"ವನಜಕ್ಕ, ನನ್ನತ್ರ ಒಂದು ಕಾಗದ ಉಂಟು," ಎಂದು ಪ್ಲಾಸ್ಟಿಕ್ ಚೀಲದಿಂದ ತೆಗೆದ. "ಅಜ್ಜನ ಪೆಟ್ಟಿಗೆಯಲ್ಲಿ ಇದ್ದದ್ದು. ಇದು ಜರ್ಮನ್ ಅಲ್ವಾ?"

ಜರ್ಮನ್ನೇ. ಹಳೆಯ ಮುರುಕು ಲಿಪಿ, ಹದ್ದಿನ ಮುದ್ರೆ. ಅವನ ಮುತ್ತಜ್ಜ ದೂಜ, ಮಂಗಳೂರಿನಲ್ಲಿ ಜರ್ಮನ್ ಪಾದ್ರಿಗಳ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವನು, ಅವರ ಭಾಷೆ ಕಲಿತು ಹಡಗು ಹತ್ತಿ ಆಫ್ರಿಕದ ಜರ್ಮನ್ ವಸಾಹತಿಗೆ ಹೋಗಿದ್ದ. ಅಲ್ಲಿನ ಸುಂಕದ ಕಚೇರಿಗೆ ಅವನನ್ನು ನೇಮಿಸಿದ ಆದೇಶ ಅದು. ಆ ಕಾಲದ ಪೌರತ್ವ ಕಾನೂನಿನಲ್ಲಿ ಒಂದು ಸಾಲು ಉಂಟು. ವಿದೇಶದವನೊಬ್ಬನನ್ನು ಸರ್ಕಾರಿ ಹುದ್ದೆಗೆ ನೇಮಿಸಿದರೆ ಆ ನೇಮಕವೇ ಪೌರತ್ವ, ಇಲ್ಲ ಎಂದು ಆದೇಶದಲ್ಲಿ ಪ್ರತ್ಯೇಕವಾಗಿ ಬರೆಯದಿದ್ದರೆ. ಕರಿಯರಿಗೆ, ನಮ್ಮಂಥವರಿಗೆ ಆದೇಶ ಕೊಡುವಾಗ ಆ ಇಲ್ಲ ಎಂಬುದನ್ನು ಮರೆಯದೆ ಬರೆಯುತ್ತಿದ್ದರು. ದೂಜನ ಆದೇಶದಲ್ಲಿ ಯಾವನೋ ಗುಮಾಸ್ತ ಮರೆತಿದ್ದ.

"ದೂಜ ಜರ್ಮನ್ ಆಗಿದ್ದರೆ ಅವನ ಮಗ ಜರ್ಮನ್," ಎಂದು ಕ್ಲಾಸೆನ್ ಕಾಗದವನ್ನು ಬೆಳಕಿಗೆ ಹಿಡಿದು ನೋಡುತ್ತ ಹೇಳಿದರು. "ಮಗನ ಮಗ ಜರ್ಮನ್. ಈ ಹುಡುಗ ಹುಟ್ಟಿದಾಗಿನಿಂದ ಜರ್ಮನ್, ಅವನಿಗೇ ಗೊತ್ತಿರಲಿಲ್ಲ ಅಷ್ಟೆ. ಅವನನ್ನು ಕಳಿಸುವುದಾದರೂ ಎಲ್ಲಿಗೆ? ಆದರೆ ದೂಜನಿಗೆ ಮದುವೆಯಾಗಿರಬೇಕು. ಆಗಿನ ಕಾನೂನಿನಲ್ಲಿ ತಂದೆಯಿಂದ ಬರುವುದು ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೆ ಮಾತ್ರ."

ಮದುವೆಗೆ ಪ್ರಜ್ವಲ್‌ನ ಬಳಿ ದಾಖಲೆ ಇತ್ತು. ಕುಟುಂಬದವರು ಹುಟ್ಟು, ಸಾವು, ಮದುವೆ ಬರೆದಿಡುತ್ತಿದ್ದ ಪುಸ್ತಕ. ಅದರ ಒಂದು ಪುಟದ ಫೋಟೋ ಕಳಿಸಿದ. ದೂಜ, ಅಪ್ಪಿ ಎಂಬವಳೊಂದಿಗೆ ಮದುವೆ, ಇಂಥ ಸಂವತ್ಸರದ, ತುಳು ತಿಂಗಳು ಆಟಿಯ ಹನ್ನೆರಡು. ಅದರ ಕೆಳಗೆ, ದೂಜನ ನಂತರ ಸಂಜೀವ. ಸಂಜೀವನೆಂದರೆ ಪ್ರಜ್ವಲ್‌ನ ಅಜ್ಜ, ಮದುವೆಯ ಮರುವರ್ಷ ಹುಟ್ಟಿದವರು. ಶಾಲೆಯ ದಾಖಲೆಯಲ್ಲೂ ದೂಜನ ಮನೆಯ ಸಂಜೀವ ಎಂದೇ ಇತ್ತು. ನಾನು ಸಂವತ್ಸರ ಲೆಕ್ಕ ಹಾಕಿ ಇಸವಿ ಬರೆದೆ. ಆಟಿ ಹನ್ನೆರಡನ್ನು ಜುಲೈ ಇಪ್ಪತ್ತೆಂಟು ಮಾಡಿದೆ. ದಾರ ಪೋಣಿಸಿದೆ, ಮುದ್ರೆ ಒತ್ತಿದೆ. ಹ್ಯಾಂಬರ್ಗಿನಲ್ಲಿ ಜುಲೈ ಎಂದರೆ ಮದುವೆಗಳ ಕಾಲ. ನನಗೆ ಒಂದು ಕ್ಷಣವೂ ಏನೂ ಅನ್ನಿಸಲಿಲ್ಲ.

ಮೂಲಪುಸ್ತಕ ತೋರಿಸಲು ಹೋಗುವ ದಿನ ನಾನೂ ಜೊತೆಗೆ ಹೋದೆ. ಮಲಗಿರಬೇಕಾದ ರಶ್ಮಿ ಕೇಳದೆ ಬಂದಿದ್ದಳು. ಬೆಳಗ್ಗೆ ಹತ್ತು ಗಂಟೆ, ಹಾಲ್ ತುಂಬಿ ತುಳುಕುತ್ತಿತ್ತು. ಮಕ್ಕಳ ಗಾಡಿಗಳು, ಗೋಡೆಗೊರಗಿ ನಿಂತವರು, ನೆಲದಲ್ಲಿ ಕೂತವರು. ರಶ್ಮಿಗೆ ಒಬ್ಬರು ಎದ್ದು ಜಾಗ ಕೊಟ್ಟರು. ಅವಳ ಪಕ್ಕದಲ್ಲಿ ಎರಡು ಕುರ್ಚಿ ಖಾಲಿ ಇದ್ದವು. ಅಷ್ಟು ಜನ ನಿಂತಿದ್ದಾರೆ, ಯಾರೂ ಅಲ್ಲಿ ಕೂರುತ್ತಿಲ್ಲ. ನಾನು ಕೂರಲೆಂದು ಎರಡು ಹೆಜ್ಜೆ ಹೋದೆ. ಯಾಕೋ ಬೇರೆಯವರ ಚಪ್ಪರದಲ್ಲಿ ಕರೆಯದೆ ನುಗ್ಗಿದ ಹಾಗೆ ಸಂಕೋಚವಾಯಿತು. ಹಿಂದೆ ಬಂದು ನಿಂತೆ. ಕ್ಲಾಸೆನ್ ಪುಸ್ತಕ ನೋಡಿ, ನನ್ನ ಅನುವಾದಕ್ಕೆ ಹೋಲಿಸಿ, "ತೊಂದರೆ ಇಲ್ಲ. ಆರು ವಾರದೊಳಗೆ ತೀರ್ಮಾನ ಆಗುತ್ತದೆ," ಎಂದರು. ಪ್ರಜ್ವಲ್ ಕಚೇರಿಯ ಮೆಟ್ಟಿಲಲ್ಲೇ ಕೂತು ಅತ್ತ.

ವಾಪಸ್ ಬರುವಾಗ ರೈಲಿನಲ್ಲಿ ರಶ್ಮಿ ನನ್ನ ಕಡೆ ವಾಲಿ ಕೇಳಿದಳು.

"ಆಂಟಿ, ನನ್ ಪಕ್ಕ ಕೂತ್ಕೊಂಡಿತ್ತಲ್ಲ ಆ ಪುಟ್ಟ ಹುಡುಗಿ, ಅದು ನಮ್ ಕಡೇದಾ?"

"ಯಾವ ಹುಡುಗಿ?"

"ಎಂಟೊಂಬತ್ತು ವರ್ಷ ಇರ್ಬೇಕು. ದೊಡ್ಡೋರ ಸೀರೆ ಸುತ್ಕೊಂಡಿತ್ತು, ಕಾಲೆಲ್ಲ ಮುಚ್ಚೋಗಿತ್ತು. ಅದರಾಚೆ ಕುರ್ಚೀಲಿ ಒಬ್ರು ಕೂತಿದ್ರು, ಅವರ ಮುಖ ಕಾಣಿಸ್ಲಿಲ್ಲ. ಆ ಮಗು ಬರೀ ನನ್ ಹೊಟ್ಟೆನೇ ನೋಡ್ತಿತ್ತು ಆಂಟಿ. ಕೊನೆಗೆ, ಇದು ನಂದಾ ಅಂತ ಕೇಳ್ತು."

ಪ್ರಜ್ವಲ್ ನಕ್ಕ. ನಾನು ನಗಲಿಲ್ಲ.

ನನಗೊಬ್ಬಳು ತಂಗಿ ಇದ್ದಳು, ಯಮುನಾ. ಆರು ವರ್ಷಕ್ಕೆ ಜ್ವರ ಬಂದು ತೀರಿಕೊಂಡಳು. ನಮ್ಮ ತುಳುನಾಡಿನಲ್ಲಿ ಹಾಗೆ ಮದುವೆಯಾಗದೆ ಹೋದವರನ್ನು ಹಾಗೇ ಬಿಡುವುದಿಲ್ಲ. ಅವರು ಆ ಕಡೆ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ, ಆಗ ಸಂಬಂಧ ಹುಡುಕಬೇಕು. ಹಾಗೇ ಹೋದ ಗಂಡು ಇರುವ ಮನೆ ವಿಚಾರಿಸಿ, ಹೆಣ್ಣು ಕೇಳಿ, ಮಾತುಕತೆ ಮಾಡಿ, ಮದುವೆ ಮಾಡುತ್ತೇವೆ. ಕುಲೆ ಎಂದರೆ ಸತ್ತವರ ಪ್ರೇತ, ಇದನ್ನು ಕುಲೆಗಳ ಮದುವೆ ಎನ್ನುತ್ತೇವೆ. ಮಕ್ಕಳು, ಮದುವೆಯಾಗದವರು ನೋಡಬಾರದು. ಯಮುನಾಳಿಗೆ ಮಾಡಿದ ವರ್ಷ ನನಗೆ ಮದುವೆಯಾಗಿತ್ತು, ಹಾಗಾಗಿ ಒಳಗೆ ಬಿಟ್ಟರು. ಎರಡು ಕುರ್ಚಿ ಇಟ್ಟಿದ್ದರು, ಒಂದರಲ್ಲಿ ಪಂಚೆ ಶಾಲು, ಇನ್ನೊಂದರಲ್ಲಿ ಸೀರೆ. ಸೀರೆ ಮಡಚಿ ಇಡಲು ನನಗೇ ಹೇಳಿದರು. ಇಷ್ಟು ದೊಡ್ಡದು ಯಾಕಮ್ಮ, ಅವಳು ಇಷ್ಟೇ ಇದ್ದದ್ದಲ್ವಾ ಎಂದು ನಾನು ಕೈಯಲ್ಲಿ ಅಳತೆ ತೋರಿಸಿದೆ. ಅಮ್ಮ ಸೀರೆಯ ಅಂಚು ಸರಿಮಾಡಿದರು.

ಮತ್ತು ಆ ಮದುವೆ ಮಾಡುವುದು ಆಟಿ ತಿಂಗಳಲ್ಲಿ. ಬದುಕಿದ್ದವರು ಯಾರೂ ಆಟಿಯಲ್ಲಿ ಮದುವೆಯಾಗುವುದಿಲ್ಲ. ತುಳುನಾಡಿನ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ಕ್ಲಾಸೆನ್‌ಗೆ ಗೊತ್ತಿರಲು ಸಾಧ್ಯವಿಲ್ಲ. ಯಂತ್ರಕ್ಕೂ ಗೊತ್ತಿಲ್ಲ. ಗೊತ್ತಿರಬೇಕಾದವಳು ನಾನು ಒಬ್ಬಳೇ, ನನಗೆ ಆಟಿ ಎಂಬುದು ಜುಲೈ ಆಗಿಹೋಗಿತ್ತು.

ಮರುದಿನ ಬೆಳಗ್ಗೆ ಅವರ ಮನೆಗೆ ಹೋಗಿ ಇಡೀ ಪುಸ್ತಕ ಕೊಡು ಎಂದೆ. ಇದೊಂದು ಪಾಠ ನಿಮಗೆ. ಒಂದು ಪುಟದ ಫೋಟೋ ನೋಡಿ ಯಾವತ್ತೂ ಮುದ್ರೆ ಒತ್ತಬೇಡಿ. ಮದುವೆಗಳ ಪುಟದ ಹಿಂದಿನ ಎಂಟನೇ ಹಾಳೆಯಲ್ಲಿ ಸಾವುಗಳು ಇದ್ದವು. ದೂಜ, ಆಫ್ರಿಕದ ಯುದ್ಧದಲ್ಲಿ ತೀರಿದ್ದು, ಮದುವೆಗೆ ನಾಲ್ಕು ವರ್ಷ ಮೊದಲು. ಅದರ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ, ಹೆಣ್ಣು ಅಪ್ಪಿ, ಸಿಡುಬಿನಲ್ಲಿ ಹೋದದ್ದು, ಪ್ರಾಯ ಒಂಬತ್ತು.

ಪ್ರಜ್ವಲ್ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದ. ಅವರು ಅಡುಗೆಮನೆಯಲ್ಲಿ ಏನೋ ಹೆಚ್ಚುತ್ತಿದ್ದರು.

"ಹೌದು ಮಗ, ದೂಜಜ್ಜನಿಗೆ ಕುಲೆ ಮದುವೆ ಮಾಡಿಸಿದ್ದು. ಅಲ್ಲಿಯವರೆಗೆ ಮನೆಯಲ್ಲಿ ಮಕ್ಕಳೇ ನಿಲ್ತಾ ಇರ್ಲಿಲ್ಲಂತೆ. ಮಾಡಿಸಿದ ಮೇಲೆ ಅವರ ತಂಗಿಗೆ ನಿನ್ನ ಅಜ್ಜ ಹುಟ್ಟಿದ್ದು."

"ತಂಗಿಗಾ? ಅಜ್ಜ ದೂಜಜ್ಜನ ಮಗ ಅಲ್ವಾ?"

"ಅಳಿಯ ಅಲ್ವಾ ಮಾರಾಯ. ಆಗ ಮನೆ ಮಾವನಿಂದ ಅಳಿಯನಿಗೆ ಬರುದು. ಅದಕ್ಕೆ ಅವರ ಹೆಸರಿನ ಕೆಳಗೆ ಬರೆದದ್ದು. ಯಾಕೆ, ಅಲ್ಲಿ ಮದುವೆ ಆಗಿರ್ಬೇಕು ಅಂತ ಹೇಳಿದ್ಯಲ್ಲ, ಆಗಿದೆಯಲ್ಲ? ಮದುವೆ ಅಂದ್ರೆ ಮದುವೆಯೇ. ಅಪ್ಪಿಯ ಮನೆಯವರು ಇವತ್ತಿಗೂ ನಮಗೆ ನೆಂಟರು."

ಫೋನ್ ಇಟ್ಟ ಮೇಲೆ ಪ್ರಜ್ವಲ್ ಎದ್ದು ಹೋಗಿ ಕೋಣೆಯ ಬಾಗಿಲು ಮುಚ್ಚಿ ಬಂದ, ರಶ್ಮಿಗೆ ಕೇಳಬಾರದೆಂದು.

"ವನಜಕ್ಕ, ನೀವು ಒಬ್ರು ಹೇಳದಿದ್ರೆ ಇಲ್ಲಿ ಯಾರಿಗೂ ಗೊತ್ತಾಗುದಿಲ್ಲ. ನೀವೇ ನೋಡಿ, ಬರೆದದ್ದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ."

"ಗೊತ್ತಿರುವವರು ಇಬ್ಬರು ಇದ್ದಾರಲ್ಲ," ಎಂದೆ.

ಅವನಿಗೆ ಅರ್ಥವಾಯಿತು. ಕರಾವಳಿಯವನು, ಆಗದೆ ಇರುತ್ತದಾ. ಆದರೂ ಕೈ ಮುಗಿದ. "ಮೊದಲಿನ ಎರಡು ಹೋಗಿವೆ ಅಕ್ಕ. ಇದನ್ನೂ ಕಳ್ಕೊಳ್ಳಿಕ್ಕೆ ಆಗುದಿಲ್ಲ ನಂಗೆ. ನಮ್ಮ ಕಡೆಯವರು ಅಂತ ನಿಮ್ಮತ್ರ ಬಂದದ್ದು."

ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಸುಮ್ಮನಿದ್ದುಬಿಡೋಣ ಎಂದು ಮುಕ್ಕಾಲು ಪಾಲು ಮನಸ್ಸಾಗಿತ್ತು, ಸುಳ್ಳು ಹೇಳಿ ಒಳ್ಳೆಯವಳಾಗಲಾರೆ. ಅಷ್ಟರಲ್ಲಿ ಬಾಗಿಲು ತೆರೆದು ರಶ್ಮಿ ನಿಂತಳು.

"ಆಂಟಿ, ಆ ಹುಡುಗಿ ನಿನ್ನೆ ರೈಲಲ್ಲೂ ಇತ್ತು. ನಿಮಗೆ ಹೇಳ್ದಾಗ ನಿಮ್ ಹಿಂದಿನ ಸೀಟಲ್ಲೇ ಕೂತಿತ್ತು. ಇವತ್ತು ಬೆಳಗ್ಗೆ ಸ್ನಾನ ಮಾಡಿ ಬರ್ತೀನಿ, ಮಂಚದ ಮೇಲೆ ಕೂತಿದೆ. ಕಾಗದದಲ್ಲಿ ನಂದು ಅಂತ ಬರೆದಿದ್ಯಂತೆ, ಯಾವಾಗ ಕೊಡ್ತೀರ ಅಂತ ಕೇಳ್ತಾಳೆ. ಯಾವ ಕಾಗದ ಆಂಟಿ?"

ಅವಳಿಗೆ ಕುಲೆಯ ಬಗ್ಗೆ ಯಾರೂ ಹೇಳಿರಲಿಲ್ಲ. ಮೈಸೂರಿನವಳಿಗೆ ಅದರ ಹೆಸರೂ ಗೊತ್ತಿಲ್ಲ. ಆ ಕಾಗದ ಯಾವುದೆಂದು ನನಗೆ ಗೊತ್ತಿತ್ತು. ದೂಜ ಗಂಡ, ಅಪ್ಪಿ ಹೆಂಡತಿ, ಅವರ ಮಗ ಸಂಜೀವ, ಅವನ ಮೊಮ್ಮಗ ಪ್ರಜ್ವಲ್, ಮುಂದೆ ಹುಟ್ಟುವ ಕೂಸು. ಒಂಬತ್ತು ವರ್ಷಕ್ಕೆ ಹೋದ ಮಗುವಿಗೆ ಈ ಹೊಟ್ಟೆಯ ಕೂಸು ನಿನ್ನ ಸಂತಾನ ಎಂದು ಮುದ್ರೆ ಒತ್ತಿ ಕೊಟ್ಟವಳು ನಾನೇ. ಅವಳು ತನ್ನದನ್ನು ಕೇಳಲು ಬಂದಿದ್ದಳು, ಅದರಲ್ಲಿ ಅವಳ ತಪ್ಪೇನಿದೆ?

ನಾನು ಅಲ್ಲಿಂದ ಸೀದಾ ಕಚೇರಿಗೆ ಹೋದೆ. ಪ್ರಜ್ವಲ್ ಮೆಟ್ಟಿಲವರೆಗೆ ಹಿಂದೆ ಬಂದ. ಮೊದಲು ಬೇಡ ಎಂದ, ಆಮೇಲೆ ಬೈದ, ಆಮೇಲೆ ಸುಮ್ಮನಾದ.

ಕ್ಲಾಸೆನ್ ಎದುರು ದಾರ ಕತ್ತರಿಸಿ, ಹೊಸ ಅನುವಾದ ಇಟ್ಟೆ. ಕೆಳಗೆ ಟಿಪ್ಪಣಿ ಇತ್ತು. ಮದುವೆಯ ದಿನ ವಧು ವರ ಇಬ್ಬರೂ ತೀರಿಕೊಂಡಿದ್ದರು. ಅವರ ಕುಟುಂಬಗಳ ಪದ್ಧತಿಯಂತೆ ಈ ಮದುವೆ ಪೂರ್ಣ, ಇವರಿಗೆ ಮಕ್ಕಳಿಲ್ಲ. ಸಂಜೀವ ದೂಜನ ತಂಗಿಯ ಮಗ. ಮೊದಲ ಅನುವಾದದಲ್ಲಿ ಇದನ್ನು ಹೇಳದೆ ಹೋದದ್ದು ಅನುವಾದಕಿಯ ತಪ್ಪು.

ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು.

"ನಿನ್ನೆ ಪಟ್ಟಿಯಲ್ಲಿ ಐದು ಜನ ಎಂದು ಬರೆದಿದ್ದೇನೆ. ನೀವು ಮೂವರು ಬಂದಿದ್ದಿರಿ," ಎಂದರು.

ನಾನು ಕತ್ತರಿಸಿದ ದಾರವನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಹತ್ತು ದಿನಕ್ಕೆ ನಿರಾಕರಣೆಯ ಪತ್ರ ಬಂತು. ದೂಜ ಜರ್ಮನ್ ಪೌರನಾಗಿದ್ದ ಎಂದು ಒಪ್ಪಿದ್ದರು, ಆದರೆ ಅವನ ಪೌರತ್ವ ಅವನಲ್ಲೇ ಮುಗಿಯಿತು. ಪ್ರಜ್ವಲ್‌ನ ಅಮ್ಮನಿಗೆ ತಿಳಿಯಲೆಂದು ಆ ಪತ್ರವನ್ನು ಕನ್ನಡಕ್ಕೆ ಮಾಡುವುದೂ ನನ್ನ ಪಾಲಿಗೇ ಬಂತು. ಅದರಲ್ಲೊಂದು ವಾಕ್ಯ, "ದೂಜ ಮತ್ತು ಅಪ್ಪಿ ಇವರ ಮದುವೆ ನಡೆದಿಲ್ಲ." ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ಬರೆದೆ. ಜರ್ಮನ್ನಿನಲ್ಲಿ ಇದ್ದಾಗ ಅದು ಕಾನೂನಿನ ಮಾತು. ಕನ್ನಡದಲ್ಲಿ ಬರೆದು ಮುದ್ರೆ ಒತ್ತುವಾಗ ಅವರಿಬ್ಬರ ಎದುರಿಗೇ ಹೇಳಿದ ಹಾಗಾಯಿತು. ಯಮುನಾಳ ಸೀರೆ ನೆನಪಾಯಿತು. ಎರಡು ಮನೆಯವರು ಸೇರಿ ಅಷ್ಟು ಅಕ್ಕರೆಯಿಂದ ಮಾಡಿದ್ದನ್ನು ನಾನು ಒಂದು ಸಾಲಿನಲ್ಲಿ ಮುರಿದುಹಾಕಿದ್ದೆ. ನನ್ನ ಇಡೀ ಉದ್ಯೋಗದಲ್ಲಿ ಬರೆದು ಕೈ ತೊಳೆದುಕೊಂಡದ್ದು ಅದೊಂದೇ ವಾಕ್ಯ.

ಆಮೇಲೆ ಆ ಹಾಲ್‌ಗೆ ಎಷ್ಟೋ ಸಲ ಹೋದೆ. ಆ ಎರಡು ಕುರ್ಚಿಗಳಲ್ಲಿ ಯಾವಾಗಲೂ ಯಾರಾದರೂ ಕೂತಿರುತ್ತಿದ್ದರು. ಯಾರೋ ಒಬ್ಬ ಸ್ಯಾಂಡ್‌ವಿಚ್ ತಿನ್ನುತ್ತ, ಯಾರೋ ಒಬ್ಬಳು ಫೋನ್ ನೋಡುತ್ತ. ನೋಡಿ ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಎಲ್ಲಿಗೆ ಹೋದರು, ಒಟ್ಟಿಗೆ ಹೋದರೋ ಬೇರೆ ಬೇರೆಯೋ ಎಂದು ಮನಸ್ಸು ಕೇಳುತ್ತಿತ್ತು.

ಪ್ರಜ್ವಲ್‌ಗೆ ಗಡುವಿಗೆ ಒಂಬತ್ತು ದಿನ ಇರುವಾಗ ಬಂದರಿನ ಸರಕು ಸಾಗಣೆಯ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮೊದಲಿಗಿಂತ ಕಡಿಮೆ ಸಂಬಳ, ಬ್ಲೂ ಕಾರ್ಡ್ ಹೋಗಿ ಸಾಧಾರಣ ಪರವಾನಗಿ. ಅದೇ ವಾರ ಹೆಣ್ಣು ಮಗು ಹುಟ್ಟಿತು, ಕೂಸು ಬಾಣಂತಿ ಇಬ್ಬರೂ ಚೆನ್ನಾಗಿದ್ದಾರೆ ಎಂದು ಬೇರೆಯವರಿಂದ ಗೊತ್ತಾಯಿತು. ಅವನು ಹೇಳಲಿಲ್ಲ. ರಶ್ಮಿ ಮಾತ್ರ ಒಂದು ಮೆಸೇಜ್ ಕಳಿಸಿದ್ದಳು, "ಆಂಟಿ, ಅವಳು ಆಮೇಲೆ ಬರ್ಲಿಲ್ಲ." ಐದಾರು ವರ್ಷ ಕನ್ನಡದವರ ದೀಪಾವಳಿ ಊಟದಲ್ಲಿ ಎದುರಾದರೂ ಪ್ರಜ್ವಲ್ ಮುಖ ತಿರುಗಿಸಿ ಹೋಗುತ್ತಿದ್ದ. ನನಗೆ ಬೇಸರವಾಗುತ್ತಿತ್ತು, ಆದರೆ ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ನಾನು ಮುದ್ರೆಯನ್ನು ಕೋರ್ಟಿಗೆ ವಾಪಸ್ ಕೊಡುವ ತಿಂಗಳು ಅವನೇ ಫೋನ್ ಮಾಡಿದ.

"ವನಜಕ್ಕ, ನಾನು ಇಲ್ಲಿ ಇದ್ದ ನನ್ನದೇ ವರ್ಷಗಳ ಲೆಕ್ಕದ ಮೇಲೆ ಪೌರತ್ವಕ್ಕೆ ಹಾಕ್ತಾ ಇದ್ದೇನೆ. ಮದುವೆ ಸರ್ಟಿಫಿಕೇಟ್ ಅನುವಾದ ಆಗ್ಬೇಕು. ನೀವೇ ಮಾಡ್ಬೇಕು."

ಮಾಡಿದೆ. ತಿಂಗಳು ಯಾವುದೆಂದು ಮೂರು ಸಲ ನೋಡಿದೆ. ಮೈಸೂರಿನ ಕಲ್ಯಾಣಮಂಟಪ, ತುಳು ಲೆಕ್ಕಕ್ಕೆ ಸುಗ್ಗಿ ತಿಂಗಳು, ಇಬ್ಬರೂ ಜೀವಂತ. ಅದೇ ನನ್ನ ಕೊನೆಯ ಅನುವಾದ.

ಅರ್ಜಿ ಕೊಡುವ ದಿನ ನನ್ನನ್ನೂ ಕರೆದರು. ಕೋಲು ಊರಿಕೊಂಡು ಹೋದೆ. ಹಾಲ್ ಎಂದಿನಂತೆ ಭರ್ತಿ. ಪ್ರಜ್ವಲ್, ರಶ್ಮಿ ನಂಬರಿನ ಪರದೆಯ ಕೆಳಗೆ ಕಾಗದ ಜೋಡಿಸುತ್ತ ನಿಂತಿದ್ದರು. ಅವರ ಮಗಳು ಅನ್ವಿ ದೂರದ ಮೂಲೆಯಲ್ಲಿ ಒಂದು ಕುರ್ಚಿಯ ಮೇಲೆ ಕೂತು ಕಾಲಾಡಿಸುತ್ತಿದ್ದಳು. ಅವಳ ಪಕ್ಕದಲ್ಲಿ ಎರಡು ಕುರ್ಚಿ ಖಾಲಿ ಇದ್ದವು.

ನಾನು ನಿಂತಲ್ಲೇ ನಿಂತೆ. ದಪ್ಪ ಕೋಟು ಹಾಕಿದ ಒಬ್ಬ ಗಂಡಸು ಕೂರಲು ಹೋದ. ಅನ್ವಿ ಕುರ್ಚಿಯ ಮೇಲೆ ಅಂಗೈ ಊರಿ, ಇಲ್ಲಿ ಜನ ಇದ್ದಾರೆ ಎಂದು ಜರ್ಮನ್ನಿನಲ್ಲಿ ಹೇಳಿದಳು. ಅವನು ಕ್ಷಮೆ ಕೇಳಿ ಹೋದ. ಅವಳಿಗೆ ಯಾರೂ ಏನೂ ಹೇಳಿಲ್ಲ ಎಂದು ರಶ್ಮಿ ಆಮೇಲೆ ದೇವರಾಣೆ ಮಾಡಿದಳು.

ನಾನು ಹತ್ತಿರ ಹೋಗಿ ಬಗ್ಗಿದೆ. "ಯಾರಿದ್ದಾರೆ ಪುಟ್ಟಿ ಇಲ್ಲಿ?"

ಇಲ್ಲಿನ ಮಕ್ಕಳೆಲ್ಲ ಹಾಗೇ, ಕನ್ನಡದಲ್ಲಿ ಕೇಳಿದರೆ ಜರ್ಮನ್ನಿನಲ್ಲಿ ಉತ್ತರ. ಇದನ್ನು ಇದ್ದದ್ದು ಇದ್ದ ಹಾಗೆ ಕನ್ನಡಕ್ಕೆ ತಂದಿದ್ದೇನೆ, ಮುದ್ರೆ ಮಾತ್ರ ಇಲ್ಲ.

"ಒಬ್ಬಳು ಅಜ್ಜಿ. ನನಗಿಂತ ಸ್ವಲ್ಪವೇ ದೊಡ್ಡವಳು. ಆದರೂ ಅವಳಿಗೆ ಮದುವೆಯಾಗಿದೆಯಂತೆ. ಪಕ್ಕದಲ್ಲಿ ಇರುವುದು ಅವಳ ಗಂಡ."

"ಯಾರು ಹೇಳಿದ್ದು?"

"ಅವಳೇ. ನಿಮಗೂ ಹೇಳು ಅಂದಳು."

ಪರದೆಯಲ್ಲಿ ನಮ್ಮ ನಂಬರ್ ಬಂತು. ಪ್ರಜ್ವಲ್ ಮಗಳನ್ನು ಕರೆದ, ಮೂವರೂ ಒಳಗೆ ಹೋದರು. ಯಾರೋ ಹುಡುಗ ನನ್ನ ಕೋಲು ನೋಡಿ, ಜಾಗ ಇದೆಯಲ್ಲ, ಕೂತುಕೊಳ್ಳಿ ಎಂದ. ಬೇಡ ಎಂದು ಹೇಳಿ, ಅವರು ಹೊರಗೆ ಬರುವವರೆಗೆ ನಾನು ನಿಂತೇ ಇದ್ದೆ.